ಎಕ್ಸ್‌ರೇ ಚಂದ್ರಾವತಿ

ಬಿಜೂರಿನ ಚಂದ್ರಾವತಿಯ ಮದುವೆ ತಪ್ಪಿದ್ದು ಒಂದು ಎಕ್ಸ್‌ರೇಯಿಂದ. ೧೯೯೭ರಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷ. ಮುಂಬಯಿಯಲ್ಲಿ ಹೋಟೆಲು ನಡೆಸುವ ಹುಡುಗನೊಂದಿಗೆ ಮಾತುಕತೆ ಮುಗಿದು, ದಿನ ನೋಡುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ಕೆಮ್ಮು ಶುರುವಾಯಿತು. ಹದಿನೈದು ದಿನವಾದರೂ ಬಿಡದಾಗ ಅಣ್ಣ ಅವಳನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಎದೆಯ ಫೋಟೊ ತೆಗೆಸಿದ. ಬಲಗಡೆ ಶ್ವಾಸಕೋಶದ ಮೇಲೆ ದುಂಡಗೆ ಒಂದು ಬಿಳಿ ಚುಕ್ಕೆ ಕಾಣಿಸಿತು.

ಚುಕ್ಕೆಯ ಸುದ್ದಿ ಮನೆಯವರು ಊರು ಸೇರುವ ಮೊದಲೇ ಗಂಡಿನ ಮನೆ ಸೇರಿತ್ತು. ಅವರು ಮರ್ಯಾದಸ್ಥರು. ಕ್ಷಯ ಎಂಬ ಶಬ್ದ ಬಾಯಲ್ಲಿ ತರಲಿಲ್ಲ, ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳಿಸಿದರು. ತಿಂಗಳು ಕಳೆದು ಇನ್ನೊಂದು ಫೋಟೊ ತೆಗೆದಾಗ ಚುಕ್ಕೆ ಇರಲೇ ಇಲ್ಲ. ಮೊದಲ ಸಲ ಅವಳು ತೊಟ್ಟಿದ್ದ ರವಿಕೆಯ ಲೋಹದ ಗುಂಡಿ ಅದು ಎಂದು ಡಾಕ್ಟರು ನಗುತ್ತಾ ಹೇಳಿದರು. ಆ ಹೊತ್ತಿಗೆ ಹುಡುಗ ಉಪ್ಪುಂದದ ಹೆಣ್ಣನ್ನು ಕಟ್ಟಿಕೊಂಡು ಮುಂಬಯಿ ಬಸ್ಸು ಹತ್ತಿಯಾಗಿತ್ತು.

ಮಾರನೆಯ ವರ್ಷ ಚಂದ್ರಾವತಿ ಬೀಜಾಡಿಯ ಹತ್ತಿರದ ಗೇರುಬೀಜದ ಕಾರ್ಖಾನೆಗೆ ಸೇರಿದಳು. ತಿರುಳು ಆರಿಸುವ ಕೆಲಸ. ಉದ್ದನೆಯ ಮೇಜಿನ ಎರಡೂ ಬದಿಗೆ ನಲವತ್ತು ಹೆಂಗಸರು; ಇಡಿಯದು ಒಂದು ಕಡೆ, ತುಂಡಾದದ್ದು ಒಂದು ಕಡೆ, ಹುಳ ಹಿಡಿದದ್ದು ಬುಟ್ಟಿಗೆ. ಕೆಲವು ವರ್ಷಗಳಲ್ಲಿ ಅವಳ ಬೆರಳು ಎಷ್ಟು ಪಳಗಿತೆಂದರೆ, ಪಕ್ಕದ ಉಮಾವತಿಯೊಂದಿಗೆ ಮಾತಾಡುತ್ತ, ಮೇಜಿನ ಕಡೆ ನೋಡದೆಯೇ, ತಿರುಳಿಗೆ ಅಂಟಿದ ಸಾಸಿವೆಯಷ್ಟು ಚಿಪ್ಪನ್ನೂ ತೆಗೆದೆಸೆಯುತ್ತಿದ್ದಳು.

೨೦೧೧ರಲ್ಲಿ ಪರದೇಶದ ಗಿರಾಕಿಯೊಬ್ಬ, ಎಕ್ಸ್‌ರೇಯಲ್ಲಿ ಪಾಸಾಗದ ಗೇರುಬೀಜ ತನಗೆ ಬೇಡ ಎಂದು ಬರೆದ. ಮ್ಯಾನೇಜರ್ ರವಿಚಂದ್ರ ಯಂತ್ರ ತರಿಸಿದರು. ಅದಕ್ಕೆಂದೇ ಗಾಜಿನ ಕೋಣೆ ಕಟ್ಟಿಸಿ, ಎ.ಸಿ. ಹಾಕಿಸಿ, ಬಾಗಿಲಿಗೆ ಹೂವಿನ ಮಾಲೆ ಹಾಕಿ ಪೂಜೆ ಮಾಡಿಸಿದರು. ತುಂಬಿದ ಚೀಲಗಳು ಬೆಲ್ಟಿನ ಮೇಲೆ ಸಾಗಿ ಸೀಸದ ಪರದೆಯೊಳಗೆ ನುಗ್ಗುತ್ತವೆ. ಒಳಗೆ ಕಲ್ಲು, ಗಾಜು, ಮೊಳೆ ಏನಾದರೂ ಇದ್ದರೆ ತೆರೆಯ ಮೇಲೆ ಕಪ್ಪಗೆ ಕಾಣುತ್ತದೆ. ಯಂತ್ರದ ಕೈಯೊಂದು ಆ ಚೀಲವನ್ನು ಬದಿಗೆ ತಳ್ಳುತ್ತದೆ.

ಯಂತ್ರ ನೋಡಿಕೊಳ್ಳಲು ಮಾತ್ರ ಗಂಡಸರು ಯಾರೂ ಮುಂದೆ ಬರಲಿಲ್ಲ. ಅದರ ಹತ್ತಿರ ನಿಂತರೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಪೂಜೆಯ ಪ್ರಸಾದದೊಂದಿಗೇ ಹಂಚಿಹೋಗಿತ್ತು. ಐದು ಮಕ್ಕಳ ತಂದೆಯೂ ಹಿಂದೆ ಸರಿದ. ಕೊನೆಗೆ ಮೇಸ್ತ್ರಿ ಸುಧಾಕರ ಚಂದ್ರಾವತಿಯ ಬಳಿ ಬಂದ.

"ಹ್ವಾಯ್ ಚಂದ್ರಾವತಿ, ನೀ ಒಂದ್ ನಿಂತ್ಕೊ ಮಾರಾಯ್ತಿ. ನಿಂಗೆ ಎಂತದೂ ಆತಿಲ್ಲೆ."

"ನಂಗೆ ಎಂತಕ್ಕೆ ಆತಿಲ್ಲೆ, ಸುಧಾಕರಣ್ಣ?"

ಅವನು ಅವಳ ಕರಿಮಣಿಯಿಲ್ಲದ ಕೊರಳನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. ಅವಳಿಗೆ ಅರ್ಥವಾಯಿತು. ಮನಸ್ಸಿಗೆ ನಾಟಿತು ಕೂಡ. ಆದರೂ ಸೆರಗು ಸಿಕ್ಕಿಸಿಕೊಂಡು ಎದ್ದಳು. ಊರವರು ಅಂದಿನಿಂದ ಅವಳನ್ನು ಎಕ್ಸ್‌ರೇ ಚಂದ್ರಾವತಿ ಎಂದರು.

ಮೊದಲ ವಾರ ಯಂತ್ರ ನೂರರಲ್ಲಿ ಮೂವತ್ತು ಚೀಲ ತಳ್ಳಿತು. ರವಿಚಂದ್ರರಿಗೆ ಸಂತೋಷವೇ ಆಯಿತು. ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತಿದೆ ಎಂದರು. ಚಂದ್ರಾವತಿ ಮಾತ್ರ ತಳ್ಳಿದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ, ಬಟ್ಟೆಯ ಮೇಲೆ ಸುರಿದು ಹುಡುಕಿದಳು. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಒಂದು ಚುಕ್ಕೆ ಕಂಡಿತೆಂದು ಇಡೀ ಚೀಲವನ್ನೇ ತೆಗೆದಿಡುವುದು ಅವಳಿಂದ ಆಗಲಿಲ್ಲ, ಅಷ್ಟೆ. ಮೂವತ್ತರಲ್ಲಿ ಒಂದರಲ್ಲಿ ಸಣ್ಣ ಕಲ್ಲು ಸಿಕ್ಕಿತು. ಉಳಿದವು ಚೊಕ್ಕ ಗೇರುಬೀಜ.

"ಯಂತ್ರ ತಪ್ಪು ಹೇಳುವುದಿಲ್ಲ ಅಮ್ಮ," ಎಂದ ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರ್.

"ತಪ್ಪ್ ಹೇಳುದಿಲ್ಲೆ. ಕಂಡದ್ದ್ ಹೇಳತ್ತ್. ಅದ್ ಎಂತ ಅಂದ್ ನಾವ್ ಬಿಚ್ಚಿ ಕಾಣ್ಕ್."

ಚೀಲದ ಮೂಲೆ ಮಡಚಿ ಬೀಜ ಒಂದರ ಮೇಲೊಂದು ಒಟ್ಟಾದಲ್ಲೆಲ್ಲ ತೆರೆ ಕಪ್ಪಾಗುತ್ತದೆ ಎಂಬುದನ್ನು ಅವಳು ಗಮನಿಸಿದ್ದಳು. ಬೆಲ್ಟಿಗಿಡುವ ಮೊದಲು ಚೀಲವನ್ನು ಅಂಗೈಯಿಂದ ತಟ್ಟಿ ಸಮ ಮಾಡಿದಳು. ಮೂವತ್ತು ಚೀಲ ಎರಡಕ್ಕಿಳಿಯಿತು. ಎಂಜಿನಿಯರ್ ತನ್ನ ವರದಿಯಲ್ಲಿ, ಸಾಫ್ಟ್‌ವೇರ್ ಸರಿಪಡಿಸಲಾಗಿದೆ ಎಂದು ಬರೆದು ಸಹಿ ಹಾಕಿ ಹೋದ.

ಯಂತ್ರಕ್ಕೆ ಚಿಪ್ಪು ಕಾಣುವುದಿಲ್ಲ ಎಂದೂ ಅವಳು ರವಿಚಂದ್ರರಿಗೆ ಹೇಳಿದ್ದಳು. ಕಲ್ಲು ಕಬ್ಬಿಣದ ಹಾಗೆ ಚಿಪ್ಪು ದಟ್ಟವಲ್ಲ. ಯಂತ್ರದ ಲೆಕ್ಕದಲ್ಲಿ ಅದೂ ಬೀಜವೂ ಹೆಚ್ಚುಕಡಿಮೆ ಒಂದೇ. ಆದರೆ ಅಷ್ಟು ದೊಡ್ಡ ಯಂತ್ರ ತಂದ ಮೇಲೆ ನಲವತ್ತು ಹೆಂಗಸರು ಯಾಕೆ ಎಂದು ಆಡಳಿತದವರಿಗೆ ಅನಿಸಿತು. ಇಪ್ಪತ್ತೈದು ಜನರಿಗೆ ನಾಳೆಯಿಂದ ಬರುವುದು ಬೇಡ ಎಂದರು. ಅದರಲ್ಲಿ ಉಮಾವತಿಯೂ ಒಬ್ಬಳು. ಅವಳು ಮನೆಯಲ್ಲಿ ಕೂತು ಬೀಡಿ ಕಟ್ಟತೊಡಗಿದಳು.

ಆರು ತಿಂಗಳಿಗೆ ಹಡಗು ಹತ್ತಿದ್ದ ಮಾಲು ವಾಪಸು ಬಂತು. ಎಲ್ಲ ಚೀಲದ ಮೇಲೂ ಎಕ್ಸ್‌ರೇ ಪಾಸಾದ ಚೀಟಿ ಇತ್ತು. ಒಳಗೆ ಚಿಪ್ಪಿನ ಚೂರುಗಳಿದ್ದವು. ಅಲ್ಲಿ ಯಾರದೋ ಹಲ್ಲು ಮುರಿದಿತ್ತಂತೆ.

ಹೆಂಗಸರನ್ನು ಕರೆತರಲು ರವಿಚಂದ್ರರು ಚಂದ್ರಾವತಿಯನ್ನೇ ಕಳಿಸಿದರು. ಉಮಾವತಿ ಬೀಡಿ ಎಲೆ ಕತ್ತರಿಸುತ್ತಲೇ ಕೇಳಿದಳು, "ಮಿಷನಿಗೆ ಕಣ್ಣ್ ಸಮ ಇಲ್ಯಾ?"

"ಕಣ್ಣಿತ್ತ್. ಬೆರಳಿಲ್ಲೆ. ಬಾ ಮಾರಾಯ್ತಿ."

"ಬತ್ತೆ. ಆದ್ರೆ ಆ ಶೆಡ್ಡಿನ ಸೆಕೆಲಿ ಕೂಕಂಬುಕೆ ನನ್ನಿಂದ ಆತಿಲ್ಲೆ. ಮಿಷನಿಗೆ ಎ.ಸಿ. ಅಲ್ದಾ? ನಮ್ಮ ಮೇಜೂ ಅಲ್ಲೇ ಹಾಕ್ಲಿ. ಉಳ್ದವ್ರೂ ಹಾಂಗೇ ಹೇಳ್ತ್ರ್ ಕಾಣ್."

ಅವಳು ಹೇಳಿದ್ದು ಸರಿಯಾಗಿತ್ತು. ಇಪ್ಪತ್ತೈದು ಮನೆಯಲ್ಲೂ ಅದೇ ಮಾತು. ಉಮಾವತಿ ಮುಂಚೆಯೇ ಎಲ್ಲರ ಮನೆಗೆ ಹೋಗಿ ಬಂದಿದ್ದಳೆಂಬುದು ಚಂದ್ರಾವತಿಗೆ ಮೂರನೇ ಮನೆಯಲ್ಲೇ ತಿಳಿಯಿತು. ರವಿಚಂದ್ರರಿಗೆ ಅದನ್ನು ಹೇಳಲಿಲ್ಲ. ಇನ್ನೊಂದು ಹಡಗಿನ ದಿನ ಹತ್ತಿರ ಬಂದಿತ್ತು. ಅವರು ಗಾಜಿನ ಗೋಡೆ ತೆಗೆಸಿ ಕೋಣೆ ದೊಡ್ಡದು ಮಾಡಿಸಿದರು. ಈಗ ಬೀಜ ಮೊದಲು ನಲವತ್ತು ಜೋಡಿ ಕೈ ದಾಟಿ, ಚೀಲ ಸೇರಿ, ಆಮೇಲೆ ಯಂತ್ರಕ್ಕೆ ಹೋಗುತ್ತದೆ. ದೂರು ನಿಂತಿತು. ಗಿರಾಕಿ ಯಂತ್ರವನ್ನು ಹೊಗಳಿ ಪತ್ರ ಬರೆದ. ಅದಕ್ಕೆ ಚೌಕಟ್ಟು ಹಾಕಿ ಆಫೀಸಿನಲ್ಲಿ ತೂಗುಹಾಕಿದ್ದಾರೆ.

ತೊಂದರೆ ಒಂದೇ. ಯಂತ್ರಕ್ಕೆ ಹೊಂದುವ ತಂಪು ಹೆಂಗಸರಿಗೆ ಹೊಂದಲಿಲ್ಲ. ಸ್ವೆಟರ್ ಎಂಬುದನ್ನು ಕಂಡೇ ಇರದವರು ಗಂಡಂದಿರ ಹೆಗಲ ಬೈರಾಸು ಹೊದ್ದು ಕೂತರು. ಬೆರಳು ಮರಗಟ್ಟಿದರೆ ಚಿಪ್ಪು ತಿಳಿಯುವುದಿಲ್ಲ. ಹಾಗಾಗಿ ಗಂಟೆಗೊಮ್ಮೆ ಹತ್ತು ಹತ್ತು ಜನ ಅಂಗಳಕ್ಕೆ ಹೋಗಿ ಕೈ ಕಾಸಿಕೊಂಡು ಬರಬೇಕೆಂದು ಚಂದ್ರಾವತಿಯೇ ನಿಯಮ ಮಾಡಿದಳು. ಮೇ ತಿಂಗಳ ಮಧ್ಯಾಹ್ನ, ದಾರಿಯಲ್ಲಿ ಹೋಗುವವರು ಬೆವರು ಒರೆಸಿಕೊಳ್ಳುತ್ತಿರುವಾಗ, ಅವಳೂ ಉಮಾವತಿಯೂ ಸುಡುಬಿಸಿಲಿಗೆ ಅಂಗೈ ಚಾಚಿ ನಿಂತಿರುತ್ತಾರೆ. ಎಕ್ಸ್‌ರೇ ತಾಗಿ ಆ ಹೆಂಗಸರ ರಕ್ತವೇ ತಣ್ಣಗಾಗಿದೆ ಎಂದು ಊರಲ್ಲಿ ಈಗಲೂ ಹೇಳುತ್ತಾರೆ.