ನನ್ನ ಕ್ಯಾಮೆರಾದ ದೃಷ್ಟಿದೋಷ

ಇಂಗ್ಲಿಷಿನ ‘ಅವೇ’ ಎಂಬ ಪದವನ್ನು ನೀವು ಎಂದಾದರೂ ಕನ್ನಡದ ಕಿವಿಯಿಂದ ಕೇಳಿದ್ದೀರಾ? ಫುಟ್‌ಬಾಲಿನವರ ಪಾಲಿಗೆ ಅವೇ ಪಂದ್ಯವೆಂದರೆ ಪರಸ್ಥಳದಲ್ಲಿ, ಎದುರಾಳಿಯ ಅಂಗಳದಲ್ಲಿ ನಡೆಯುವ ಪಂದ್ಯ. ನನ್ನ ಪಾಲಿಗೆ ಅವೇ ಎಂದರೆ ಹಿಂದಿನವೇ. ಅವೇ ಹೆದ್ದಾರಿಗಳು, ಅವೇ ಹನ್ನೊಂದು ಮುಖಗಳು, ಅವೇ ಸೋಲುಗಳು. ಮೂರು ವರ್ಷಗಳಿಂದ ಎರಡೂ ಅರ್ಥಗಳನ್ನು ಒಟ್ಟಿಗೆ ಅನುಭವಿಸುತ್ತಿರುವ ನನಗೆ ಇದರಲ್ಲಿ ಶ್ಲೇಷೆಗಿಂತ ಸತ್ಯವೇ ಹೆಚ್ಚು ಕಾಣುತ್ತದೆ.

ಅಭಿಮಾನಿ ನಾನಲ್ಲ, ನನ್ನ ಹೆಂಡತಿ ನಳಿನಿ. ನಾನು ಅವಳ ಸಾರಥಿ ಮತ್ತು ಛಾಯಾಗ್ರಾಹಕ. ಕೊರೊನಾ ಕಾಲದಲ್ಲಿ ಅವಳು, ನಾವು ಕಡಲು ದಾಟಿ ಬಂದು ನೆಲೆಸಿರುವ ಆಶ್‌ಬರ್ನಿನ ನಮ್ಮ ಟೌನ್‌ಹೌಸಿನ ಹಿಂದಿನ ಮೈದಾನಕ್ಕೆ ವಾಕಿಂಗ್ ಹೋಗುತ್ತಿದ್ದಾಗ ಅಲ್ಲೊಂದು ತಂಡ ಅಭ್ಯಾಸ ಮಾಡುತ್ತಿತ್ತು. ದೊಡ್ಡ ಲೀಗುಗಳ ಏಣಿಯ ಕೆಳಗಿನ ಮೆಟ್ಟಿಲಿಗೂ ಕಾಲಿಡದೆ ನೆಲದ ಮೇಲೇ ನಿಂತಿರುವ ತಂಡ. ಗೋಲ್‌ಕೀಪರ್ ವೃತ್ತಿಯಿಂದ ಪ್ಲಂಬರ್, ನಾಯಕ ಶಾಲೆಯ ಗಣಿತದ ಮೇಷ್ಟ್ರು. ಮನೆಯೊಳಗೆ ನನ್ನೊಬ್ಬನ ಮುಖ ನೋಡಿ ನೋಡಿ ಬೇಸತ್ತಿದ್ದ ಅವಳಿಗೆ ಬೇಲಿಯಾಚೆಯಿಂದ ಆ ನಾಯಕ ಕೈ ಬೀಸಿದ್ದೇ ಸಾಕಾಯಿತು. ಅಂದಿನಿಂದ ಅದು ‘ನಮ್ಮ ಟೀಮು’.

ನಮ್ಮ ಟೀಮು ಪರಸ್ಥಳದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಕಾರಣ ತಿಳಿಯದೆ ತರಬೇತುದಾರ ತಲೆ ಕೆಡಿಸಿಕೊಂಡಿದ್ದರೆ, ನಳಿನಿ ಅದನ್ನು ಯಾವಾಗಲೋ ಪತ್ತೆ ಹಚ್ಚಿದ್ದಳು: ನನ್ನ ಕ್ಯಾಮೆರಾ. ನಾನು ಅದನ್ನು ಎತ್ತಿದಾಗಲೆಲ್ಲ ಎದುರಾಳಿಗೆ ಗೋಲು. ಮನುಷ್ಯರ ದೃಷ್ಟಿಗಾದರೆ ಮೆಣಸಿನಕಾಯಿ ನಿವಾಳಿಸಬಹುದು. ಮೊಳದುದ್ದದ ಲೆನ್ಸಿನ ದೃಷ್ಟಿಗೆ ಏನು ನಿವಾಳಿಸುವುದು? ತರ್ಕವನ್ನೇ ಅನ್ನ ಮಾಡಿಕೊಂಡ ಡೇಟಾ ಸೆಂಟರಿನ ನೌಕರನಾದ ನಾನು ವಾದಿಸಿದೆ. “ಪ್ರತಿ ಮ್ಯಾಚಲ್ಲೂ ನಾಲ್ಕು ಗೋಲು ಬಿಟ್ಟುಕೊಟ್ರೆ, ಯಾವಾಗ ಎತ್ತಿದ್ರೂ ಒಂದು ಸಿಕ್ಕೇ ಸಿಗುತ್ತೆ ಕಣೇ.”

“ನಾನೂ ಅದನ್ನೇ ಹೇಳ್ತಿರೋದು,” ಅಂದಳು.

ಕಳೆದ ಬೇಸಿಗೆಯಲ್ಲಿ ಫೋರ್ಟ್ ಮಿಲ್‌ಗೆ ಪಂದ್ಯ ನೋಡಲು ಹೊರಟಾಗ ವಿಷಯ ಗಂಭೀರವಾಗಿತ್ತು. ಮಂಡಿ ಸವೆದಿದ್ದ ಮೇಷ್ಟ್ರು ನಾಯಕನಿಗೆ ಅದು ಕೊನೆಯ ಪಂದ್ಯ. ಹೊರಗಡೆ ಒಂದೇ ಒಂದು ಗೆಲುವನ್ನಾದರೂ ನೋಡಿ ಅವನು ಬೂಟು ಕಳಚಬೇಕೆಂಬುದು ನಳಿನಿಯ ಆಸೆ. ಏಳು ಗಂಟೆಯ ದಾರಿಯಲ್ಲಿ ಅವಳು ಅದನ್ನು ಎಷ್ಟು ಸಲ ಹೇಳಿದಳೆಂದರೆ, ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಕ್ಯಾಮೆರಾ ಬ್ಯಾಗು ಅಪರಾಧಿಯಂತೆ ಕಾಣತೊಡಗಿತು.

ಪಂದ್ಯಕ್ಕೆ ಮೊದಲು ಎದುರಾಳಿಯ ಅಭಿಮಾನಿಗಳೊಂದಿಗೆ ಪಬ್ಬಿನಲ್ಲಿ ಕೂರುವುದು ಈ ಲೋಕದ ಶಿಷ್ಟಾಚಾರ. ಅಲ್ಲಿ ನಾನು ಬಣ್ಣಬಣ್ಣದ ಬಿಯರ್ ಲೋಟಗಳ ಚಿತ್ರ ತೆಗೆಯುತ್ತೇನೆ, ಕುಡಿಯುವುದು ಶುಂಠಿ ಸೋಡಾ. ಚಿತ್ರಗಳನ್ನಷ್ಟೇ ಕಂಡ ಮೈಸೂರಿನ ಬಂಧುವರ್ಗ ನಾನು ಸಂಪೂರ್ಣ ಹಾಳಾಗಿದ್ದೇನೆಂದು ತೀರ್ಮಾನಿಸಿ, ನಳಿನಿಗೆ ಪ್ರತ್ಯೇಕವಾಗಿ ಸಾಂತ್ವನ ಹೇಳುವುದುಂಟು. ಅಂದು ಅವಳು ಡಬ್ಬಿಯಿಂದ ಕೋಡುಬಳೆ ತೆಗೆದು ಮೇಜಿನ ಮೇಲಿಟ್ಟಳು. ಆ ಊರಿನ ಬಿಳಿಗಡ್ಡದ ಅಭಿಮಾನಿಯೊಬ್ಬ ಮೂರು ತಿಂದು, ಇಷ್ಟು ಒಳ್ಳೆಯವರನ್ನು ಸೋಲಿಸಬೇಕಾಗಿರುವುದಕ್ಕೆ ವಿಷಾದ ವ್ಯಕ್ತಪಡಿಸಿದ.

ಆಟ ಶುರುವಾದ ಅರ್ಧ ಗಂಟೆಗೆ ನಮ್ಮ ನಾಯಕನೇ ತಲೆಯಿಂದ ಗೋಲು ಹೊಡೆದ. ಆಗ ನಾನು ಶುಂಠಿ ಸೋಡಾದ ಫಲವಾಗಿ ಶೌಚಾಲಯದ ಸಾಲಿನಲ್ಲಿದ್ದೆ. ನನ್ನ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿರಲಿಲ್ಲ.

“ದಮ್ಮಯ್ಯ, ಇನ್ನು ಅದನ್ನ ಗ್ರೌಂಡ್ ಕಡೆ ತಿರುಗಿಸ್ಬೇಡಿ ರೀ,” ಅಂದಳು ನಳಿನಿ.

“ಮತ್ತೆ ಯಾವ ಕಡೆ ತಿರುಗಿಸ್ಲಿ?”

“ಬೇಕಾದ್ರೆ ನನ್ನ ಕಡೆ ತಿರುಗಿಸ್ಕೊಳ್ಳಿ.”

ಹಾಗೆ ನಾನು ಒಂದು ಸಾಲು ಕೆಳಗಿಳಿದು, ಏಳು ಗಂಟೆ ಕಾರು ಓಡಿಸಿ ನೋಡಲು ಬಂದ ಪಂದ್ಯಕ್ಕೆ ಬೆನ್ನು ಹಾಕಿ ಕುಳಿತೆ. ಇಪ್ಪತ್ತೆಂಟು ವರ್ಷಗಳಿಂದ ನಾನು ಇವಳ ಚಿತ್ರ ತೆಗೆಯುತ್ತಿದ್ದೇನೆ. ಜಲಪಾತದ ಮುಂದೆ, ಸ್ಮಾರಕದ ಮುಂದೆ, ಯಾರದೋ ಗೃಹಪ್ರವೇಶದ ತೋರಣದ ಮುಂದೆ, ಎಲ್ಲದರಲ್ಲೂ ಅಳೆದಿಟ್ಟ ಅದೇ ನಗು. ಈಗ ನಾನೆಂಬವನೊಬ್ಬ ಎದುರಿಗಿದ್ದೇನೆಂಬುದನ್ನೇ ಅವಳು ಮರೆತಿದ್ದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು, ಕಾಲು ತಾನಾಗಿ ಚೆಂಡು ಒದೆಯುತ್ತಿತ್ತು, ಹುಬ್ಬು ಏರಿದರೆ ಎದುರಾಳಿ ನುಗ್ಗಿದನೆಂದೂ ಉಸಿರು ಇಳಿದರೆ ಪ್ಲಂಬರ್ ತಡೆದನೆಂದೂ ನನಗೆ ತಿಳಿಯುತ್ತಿತ್ತು. ಫುಟ್‌ಬಾಲ್ ನನಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲು. ಈ ತಂಡ ಗೆಲ್ಲಲೆಂದು ನಾನು ಮನಸಾರೆ ಬಯಸಿದ್ದೂ ಅದೇ ಮೊದಲು.

ಮುಗಿಯಲು ಎರಡು ನಿಮಿಷವಿದ್ದಾಗ ಅವಳ ಮುಖದ ಚಲನೆಯೆಲ್ಲ ನಿಂತುಹೋಯಿತು. ಅರ್ಧ ತೆರೆದ ಬಾಯಲ್ಲಿ ಮಾತು ಹಾಗೇ ಉಳಿಯಿತು. ಕಣ್ಣುಗಳು ಚೆಂಡನ್ನು ಬಿಟ್ಟು ಇನ್ನೆಲ್ಲಿಗೋ, ಬಹುಶಃ ನಾಯಕನ ಕಡೆಗೆ, ಹೋದವು. ನನ್ನ ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತಿತು. ಬೆನ್ನ ಹಿಂದೆ ಆ ಊರೇ ಕೂಗುತ್ತಿತ್ತು. ಪಂದ್ಯ ಒಂದು-ಒಂದಕ್ಕೆ ಸಮವಾಯಿತು.

ಕ್ಯಾಮೆರಾ ನಿರ್ದೋಷಿಯೆಂದು ಸಾಬೀತಾಗಿತ್ತು. ನಾನು ಬೀಗಬೇಕಿತ್ತು. ಬದಲಿಗೆ ಎದ್ದು ತಿರುಗಿ ರೆಫರಿಗೆ ಅಚ್ಚಗನ್ನಡದಲ್ಲಿ “ಆಫ್‌ಸೈಡ್ ಕಣಯ್ಯಾ ಅದು” ಎಂದು ಕೂಗಿದೆ. ಪದಗಳಲ್ಲಿ ಒಂದಾದರೂ ಅವನಿಗೆ ಅರ್ಥವಾಗಿರಬೇಕು.

“ನೀವೆಲ್ಲಿ ನೋಡಿದ್ರಿ? ಗೋಲು ಸರಿಯಾಗೇ ಇತ್ತು,” ಅಂದಳು ನಳಿನಿ ಮೆಲ್ಲಗೆ.

ಸಂಜೆ ಅದೇ ಪಬ್ಬಿಗೆ ನಾಯಕ ಮಂಡಿಗೆ ಐಸು ಕಟ್ಟಿಕೊಂಡು ಬಂದ. ತನ್ನ ಕೊನೆಯ ಆಟದ ಚಿತ್ರಗಳಿವೆಯೇ ಎಂದು ಕೇಳಿದ. ನಾಚಿಕೆಯಿಂದ ಕ್ಯಾಮೆರಾ ಅವನ ಕೈಗಿತ್ತೆ. ಅದರ ತುಂಬ ನಳಿನಿ. ಒಂದೊಂದೇ ಸರಿಸುತ್ತ ಹೋದ ಅವನು, ಇದು ಆ ಕಾರ್ನರ್ ಅಲ್ಲವೇ, ಇದು ನಾನು ಜಾರಿ ಬಿದ್ದದ್ದಲ್ಲವೇ ಎಂದು ಅವಳ ಮುಖಭಾವದಿಂದಲೇ ಗುರುತಿಸಿದ. ಕೊನೆಯ ಚಿತ್ರ ಬಂತು. ಅವಳಿಗೆ ನೋವಾದೀತೆಂದು ಅಳಿಸಲು ಕೈ ಚಾಚಿದೆ. ಅವನು ಕ್ಯಾಮೆರಾ ಬಿಡಲಿಲ್ಲ. ಹನ್ನೊಂದು ವರ್ಷ ಆಡಿದ್ದೇನೆ, ಆಡುವಾಗ ನಮ್ಮನ್ನು ಯಾರಾದರೂ ಹೀಗೆ ನೋಡುತ್ತಿರುತ್ತಾರೆಂದು ಗೊತ್ತಿರಲಿಲ್ಲ, ಎಂದ. ಅದೊಂದನ್ನು ತನಗೆ ಕಳಿಸಬಹುದೇ ಎಂದು ಕೇಳಿದ.

ನಾನು ನಳಿನಿಯ ಮುಖ ನೋಡಿದೆ.

“ಕಳ್ಸಿ ರೀ,” ಅಂದಳು. “ನನಗೂ ಒಂದು ಇರ್ಲಿ.”