ಏಳನೇ ನಂಬರಿನ ಕೋಲಿನ ಹಿಂದೆ

ಗಾಲ್ಫಿನ ಐದನೆಯ ಪಾಠವೋ ಆರನೆಯದೋ, ಖಚಿತವಿಲ್ಲ. ಗೆಳತಿಯರಿಗೆ ಹೇಳುವಾಗ ನಾನಾಗಿಯೇ ತಪ್ಪು ಒಪ್ಪಿಕೊಂಡೆ ಎಂದಿದ್ದೇನೆ. ಹಾಗಾಗಲಿಲ್ಲ. ಸಿಕ್ಕಿಬಿದ್ದೆ.

ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಗಾಲ್ಫ್ ಕಲಿಯಲು ಸೇರಿದ್ದೆ. ವಾರಕ್ಕೆರಡು ಬೆಳಿಗ್ಗೆ ಕೆ.ಆರ್. ಪುರದಲ್ಲಿ ಮೆಟ್ರೊ ಹಿಡಿದು ಇಂದಿರಾನಗರದಲ್ಲಿ ಇಳಿದು, ಅಲ್ಲಿಂದ ಆಟೊದಲ್ಲಿ ಅಭ್ಯಾಸದ ಮೈದಾನಕ್ಕೆ. ಹತ್ತು ಪಾಠಗಳ ಕೊನೆಗೆ ಕೋಚ್ ಸಹಿ ಹಾಕಿದರೆ ಮಾತ್ರ ದೊಡ್ಡ ಮೈದಾನಕ್ಕೆ ಪ್ರವೇಶ. ನಮ್ಮ ಕಾಲೊನಿಯ ಇಬ್ಬರು ಗೆಳತಿಯರಿಗೆ ಆಗಲೇ ಸಹಿ ಸಿಕ್ಕಿತ್ತು. ಮೂವರೂ ಸೇರಿ ಆಡುವ ಭಾನುವಾರವೂ ನಿಗದಿಯಾಗಿತ್ತು. ಆ ಸಹಿ ನನಗೆ ಬೇಕೇ ಬೇಕಿತ್ತು.

ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ದಿನ ಕೆಟ್ಟ ಪೀಸುಗಳನ್ನು ಸ್ಟೋರಿನ ಹಿಂದಕ್ಕೆ ಸರಿಸಿ, ಒಳ್ಳೆಯವನ್ನು ಟ್ರೇಯಲ್ಲಿ ಮುಂದಿಡುತ್ತಿದ್ದೆವು. ಇಲ್ಲಿಯೂ ಅದನ್ನೇ ಮಾಡಿದೆ. ಅರ್ಧ ಗಂಟೆ ಮುಂಚೆ ಹೋಗಿ, ಒಬ್ಬಳೇ ಉದ್ದ ಕೋಲಿನಲ್ಲಿ ಹೊಡೆಯುತ್ತಿದ್ದೆ. ಪ್ರತಿ ಚೆಂಡೂ ಬಲಕ್ಕೆ ಬಾಗಿ ಪಕ್ಕದ ಬಲೆಗೆ ಬೀಳುತ್ತಿತ್ತು. ಕೋಚ್ ಬರುತ್ತಲೇ ಏಳನೇ ನಂಬರಿನ ಗಿಡ್ಡ ಕೋಲು. ಅದರಲ್ಲಿ ಚೆಂಡು ನೆಟ್ಟಗೆ ಹೋಗುತ್ತಿತ್ತು. ಉದ್ದದ್ದರಲ್ಲಿ ಹೊಡೆಯಿರಿ ಎಂದು ಅವರು ಹೇಳಿದರೆ ಭುಜ ನೋವು ಎನ್ನುತ್ತಿದ್ದೆ. ಪ್ರತಿ ಪಾಠದ ನಂತರ ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಈಗ ತೆರೆದರೆ ಅದರಲ್ಲಿ ಬರೀ ಹೊಗಳಿಕೆ.

ಅಂದು ಕೋಚ್ ಬೇಗ ಬಂದು ಹಿಂದೆ ನಿಂತಿದ್ದರು. ಹಲಸೂರಿನವರು, ನನಗಿಂತ ಚಿಕ್ಕವರು; ನಾನು ಕಾರ್ಖಾನೆಯಲ್ಲಿದ್ದವಳೆಂದು ಮೊದಲ ದಿನವೇ ಅವರಿಗೆ ಹೇಳಿದ್ದೆ. ನಾನು ಅವರನ್ನು ಕಂಡು ಉದ್ದ ಕೋಲನ್ನು ಚೀಲಕ್ಕೆ ತುರುಕಿದೆ.

"ಭುಜ ಹೇಗಿದೆ ಮೇಡಂ?"

"ಎಷ್ಟ್ ಹೊತ್ತಾಯ್ತು ನೀವ್ ಬಂದು?"

"ಹನ್ನೆರಡು ಚೆಂಡು ಆಯ್ತು." ನಗಲಿಲ್ಲ. "ನಮ್ಮಪ್ಪನೂ ಫ್ಯಾಕ್ಟರಿಲೇ ಇದ್ರು. ಇನ್‌ಸ್ಪೆಕ್ಷನ್ ಕಥೆ ಎಲ್ಲಾ ಗೊತ್ತು ನನ್ಗೆ. ನಾನೇನ್ ಇನ್‌ಸ್ಪೆಕ್ಟರಾ? ಹಲ್ಲು ಡಾಕ್ಟರ್ ಹತ್ರ ಹೋಗಿ ಚೆನ್ನಾಗಿರೋ ಹಲ್ಲು ತೋರ್ಸಿ ಬರ್ತೀರಾ?"

"ಸಹಿ ಬೇಕಿತ್ತು ಸರ್."

"ಹಾಕ್ತೀನಿ. ಅಲ್ಲಿ ಹೋಗಿ ಯಾರ್ ತಲೆಗೆ ಹೊಡೀತೀರಿ, ಅದೂ ಹೇಳ್ಬಿಡಿ."

ಆಮೇಲೆ ಉದ್ದ ಕೋಲಿನಲ್ಲೇ ಇಪ್ಪತ್ತು ಚೆಂಡು ಹೊಡೆಸಿದರು. ಕೊನೆಗೆ ಕೋಲು ಹಿಡಿದ ನನ್ನ ಎಡಗೈಯ ಹೆಬ್ಬೆರಳನ್ನು ಒಂದಿಷ್ಟು ಸರಿಸಿದರು. ಮುಂದಿನ ಚೆಂಡು ನೆಟ್ಟಗೆ ಹೋಯಿತು ಎಂದು ಬರೆಯಲು ಕೈ ಹವಣಿಸುತ್ತದೆ. ಹೋಗಲಿಲ್ಲ. ಬಾಗಿತು, ಸ್ವಲ್ಪ ಕಡಿಮೆ ಬಾಗಿತೇನೋ.

ಹತ್ತು ಪಾಠ ಮುಗಿದರೂ ಸಹಿ ಆಗಲಿಲ್ಲ. ಆ ಭಾನುವಾರ ಗೆಳತಿಯರಿಬ್ಬರೇ ಆಡಿದರು. ನಾನು ಮತ್ತೆ ಹತ್ತು ಪಾಠಕ್ಕೆ ಹೆಸರು ಬರೆಸಿದೆ. ಈಗ ಮುಂಚೆ ಹೋಗುವುದಿಲ್ಲ. ಮೊದಲ ಚೆಂಡನ್ನೇ ಅವರೆದುರು ಉದ್ದ ಕೋಲಿನಲ್ಲಿ ಹೊಡೆಯುತ್ತೇನೆ. ಅದು ಬಾಗಿದಾಗ, ಎಷ್ಟು ಪ್ರಾಮಾಣಿಕಳು ನೋಡಿ ಎಂಬಂತೆ ತಿರುಗಿ ಅವರ ಮುಖ ನೋಡುತ್ತೇನೆ.

"ನನ್ನ್ ನೋಡ್ಬೇಡಿ ಮೇಡಂ," ಅನ್ನುತ್ತಾರೆ. "ಚೆಂಡ್ ನೋಡಿ."