ಗಡಿಯ ಮೇಲಿನ ಹೆಬ್ಬಲಸು

ನಮ್ಮ ಹಿತ್ತಿಲಿನ ಹೆಬ್ಬಲಸಿನ ಮರವನ್ನು ಕಡಿಸುವುದಿಲ್ಲ ಎಂದು ನಾನು ಏಳು ವರ್ಷ ಹಟ ಹಿಡಿದದ್ದು ಮರದ ಮೇಲಿನ ಪ್ರೀತಿಯಿಂದಲ್ಲ. ನೆರೆಮನೆಯವರಿಗೆ ಅದು ಬೇಡವಾಗಿತ್ತು. ನನಗೆ ಅಷ್ಟು ಸಾಕಿತ್ತು.

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಕಾಲೇಜಿನ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ನಾವು ಮನೆ ಕಟ್ಟುವಾಗಲೇ ಮರ ಅಲ್ಲಿತ್ತು, ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ಪಕ್ಕದ ಜಾಗ ಆಗ ಖಾಲಿ. ಕೆಲವು ವರ್ಷ ಕಳೆದ ಮೇಲೆ ಬಿ.ಸಿ.ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದವರೊಬ್ಬರು ಅದನ್ನು ತೆಗೆದುಕೊಂಡು ಎರಡು ಮಾಳಿಗೆಯ ಮನೆ ಕಟ್ಟಿದರು. ಕೆಳಗೆ ಅವರ ಸಂಸಾರ, ಮೇಲೆ ಕಾಲೇಜಿನ ಹುಡುಗಿಯರಿಗೆ ಬಾಡಿಗೆ ಕೋಣೆಗಳು.

ಗೃಹಪ್ರವೇಶವಾಗಿ ತಿಂಗಳಾಗಿರಲಿಲ್ಲ, ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಟೀಚರೇ, ಆ ಮರ ಒಮ್ಮೆ ತೆಗೆಸಿಬಿಡಿ. ಎಲೆ ಎಲ್ಲ ನನ್ನ ಟೆರೇಸಿಗೆ ಬೀಳ್ತದೆ. ನೀರು ಹೋಗುವ ಪೈಪು ಎರಡು ಸಲ ಕಟ್ಟಿತು."

"ಮರ ನೋಡಿಯೇ ಅಲ್ವಾ ನೀವು ಮನೆ ಕಟ್ಟಿದ್ದು?" ಎಂದೆ.

ಶಾಲೆಯಲ್ಲಿ ಮಕ್ಕಳ ಮೇಲೆ ಬಳಸುವ ದನಿ ಅದು. ಅವರ ಮುಖ ಕೆಂಪಾಯಿತು. ಅಲ್ಲಿಂದ ನಮ್ಮ ಮಾತುಕತೆ ನೇರವಾಗಿ ನಡೆದದ್ದು ಕಡಿಮೆ. ಎಲೆ ಗುಡಿಸಿ ನಮ್ಮ ಕಡೆಗೆ ಸುರಿಯುವರು, ನಾನು ಅದನ್ನು ಬುಟ್ಟಿಯಲ್ಲಿ ತುಂಬಿ ಅವರ ಗೇಟಿನ ಎದುರು ಇಟ್ಟು ಬರುವೆ. ನನ್ನ ಗಂಡ ಒಂದೆರಡು ಸಲ, "ಬಿಡು, ಒಂದು ಕೊಂಬೆ ತೆಗೆಸಿದರೆ ಎಂತ ಆಗ್ತದೆ?" ಎಂದರು. ಆಮೇಲೆ ಅವರೂ ಸುಮ್ಮನಾದರು.

ಒಂದು ಬೇಸಗೆಯಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಮನೆಗೆ ಬರುವಾಗ ಹಿತ್ತಿಲಲ್ಲಿ ಏನೋ ಹೆಚ್ಚು ಬೆಳಕಿತ್ತು. ನೋಡಿದರೆ ಅವರ ಕಡೆಗಿದ್ದ ಕೊಂಬೆ ಒಂದೂ ಇರಲಿಲ್ಲ. ಬುಡದಿಂದ ತುದಿಯವರೆಗೆ ಮರದ ಒಂದು ಮಗ್ಗುಲನ್ನು ಬೋಳಿಸಿದ ಹಾಗೆ. ನಾನು ಗೋಡೆಯ ಹತ್ತಿರ ಹೋಗಿ ಕೂಗಿದೆ. ಅವರು ಕಿಟಕಿಯಿಂದ, "ನನ್ನ ಜಾಗದ ಮೇಲೆ ಬಂದದ್ದು ನಾನು ಕಡಿಸಿದ್ದೇನೆ. ಯಾರಿಗೆ ಬೇಕಾದರೂ ಹೋಗಿ ಹೇಳಿ ನೀವು" ಎಂದು ಕಿಟಕಿ ಮುಚ್ಚಿದರು.

ಆಗ ನನಗಿದ್ದದ್ದು ಬರೀ ಸಿಟ್ಟು. ಒಂದೇ ಕಡೆ ಕಡಿದ ಮರ ಇನ್ನೊಂದು ಕಡೆಗೆ ಭಾರವಾಗುತ್ತದೆ ಎಂದು ಯೋಚಿಸುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ. ಎರಡು ಮಳೆಗಾಲ ಕಳೆಯುವಾಗ ಹೆಬ್ಬಲಸು ನಮ್ಮ ಅಡುಗೆಮನೆಯ ಕಡೆಗೆ ವಾಲಿತು. ಬುಡದಲ್ಲಿ, ಅವರ ಬದಿಯಲ್ಲಿ, ಮಣ್ಣು ಬಿರುಕು ಬಿಟ್ಟು ಕೈ ಹಾಕುವಷ್ಟು ಸಂದು ಕಾಣಿಸಿತು. ಗಾಳಿ ಬಂದರೆ ನಾನು ಒಲೆ ಆರಿಸಿ ಎದುರಿನ ಕೋಣೆಗೆ ಬಂದು ಕೂರುತ್ತಿದ್ದೆ. ಈಗ ಮರ ಬೇಡವಾದದ್ದು ನನಗೆ.

ಕಾಡುಮರವಾದ ಹೆಬ್ಬಲಸನ್ನು ತೆಂಗು, ಅಡಿಕೆಯ ಹಾಗೆ ಬೇಕೆಂದಾಗ ಕಡಿಯುವಂತಿಲ್ಲ. ಅರಣ್ಯ ಕಚೇರಿಗೆ ಅರ್ಜಿ ಕೊಟ್ಟೆ, ಪಹಣಿಯ ಪ್ರತಿ ಇಟ್ಟೆ. ಕೆಲವು ದಿನಗಳಲ್ಲಿ ಗಾರ್ಡ್ ಒಬ್ಬರು ಬಂದು ಮರದ ಸುತ್ತಳತೆ ತೆಗೆದರು. ಆಮೇಲೆ ಗಡಿಕಲ್ಲು ಎಲ್ಲಿ ಎಂದು ಕೇಳಿದರು. ಹುಲ್ಲು ಸರಿಸಿ ಎರಡು ಕಲ್ಲು ಹುಡುಕಿ, ನಡುವೆ ದಾರ ಹಿಡಿದು ನೋಡಿದಾಗ ದಾರ ಸರಿಯಾಗಿ ಮರದ ಬುಡದ ನಡುವಿಗೆ ತಾಗಿ ನಿಂತಿತು. ನಾವು ಕಟ್ಟಿದ ಗೋಡೆ ಮರವನ್ನು ನಮ್ಮ ಕಡೆಗೆ ಸೇರಿಸಿಕೊಂಡು ಬಳಸಿ ಹೋಗಿತ್ತು.

"ಇದು ಇಬ್ಬರದ್ದು ಟೀಚರೇ. ಅವರದ್ದೂ ಸಹಿ ಬೇಕು" ಎಂದರು ಗಾರ್ಡ್.

ಇಷ್ಟು ವರ್ಷ ಯಾವ ಮರವನ್ನು ನನ್ನದು ಎಂದು ಜಗಳ ಮಾಡಿದ್ದೆನೋ ಅದರಲ್ಲಿ ಅರ್ಧ ಅವರದ್ದಾಗಿತ್ತು. ಗಾರ್ಡ್ ವಾಪಸು ಕೊಟ್ಟ ಅರ್ಜಿ ಹಿಡಿದು ನೆರೆಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಕೂರಿ ಎನ್ನಲಿಲ್ಲ.

"ನಾನು ಕೇಳುವಾಗ ನಿಮಗೆ ಬೇಡವಾಗಿತ್ತಲ್ಲ? ಈಗ ನನಗೆ ಅವಸರ ಇಲ್ಲ" ಎಂದರು.

"ಬಿದ್ದರೆ ನನ್ನ ಅಡುಗೆಮನೆ ಹೋಗ್ತದೆ."

"ನನ್ನ ಪೈಪು ಕಟ್ಟುವಾಗ ನಿಮಗೆ ಬೇಸರ ಆಗಿತ್ತಾ?"

ಒಂದು ತಿಂಗಳು ಅರ್ಜಿ ಅವರ ಮೇಜಿನ ಮೇಲೆಯೇ ಇತ್ತು. ಕೊನೆಗೆ ಬಾಡಿಗೆಗಿದ್ದ ಹುಡುಗಿಯೊಬ್ಬಳ ತಂದೆ ಬಂದು ಬುಡದ ಬಿರುಕು ನೋಡಿ, ಇದು ಯಾವ ಕಡೆಗೆ ಬೀಳುತ್ತದೆ ಎಂದು ಹೇಳಲು ಬರುವುದಿಲ್ಲ ಎಂದರಂತೆ. ಮರುದಿನ ಸಹಿ ಮಾಡಿದ ಅರ್ಜಿಯನ್ನು ನಮ್ಮ ಗೇಟಿಗೆ ಸಿಕ್ಕಿಸಿದ್ದರು.

ಅನುಮತಿ ಬಂದ ಮೇಲೆ ಮರ ಕಡಿಯಲು ನಾರಾವಿಯ ಕಡೆಯಿಂದ ಅಣ್ಣ ತಮ್ಮ ಇಬ್ಬರು ಬಂದರು. ತಮ್ಮ ಮರ ಹತ್ತುವವನು, ನಲವತ್ತರ ಆಸುಪಾಸು. ಅಣ್ಣ ಕೆಳಗೆ ನಿಂತು ಹಗ್ಗ ಹಿಡಿಯುವವನು. ಕಡಿಯುವ ಕೊಂಬೆಗೆ ಮೊದಲು ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಮೇಲಿನ ಕವಲಿನ ಮೇಲಿಂದ ಕೆಳಗಿಳಿಸಿ, ಹಿತ್ತಿಲಿನ ತೆಂಗಿನ ಮರದ ಬುಡಕ್ಕೆ ಎರಡು ಸುತ್ತು ಹಾಕಿ ಅಣ್ಣ ಹಿಡಿಯಬೇಕು. ಕೊಂಬೆ ತುಂಡಾದ ಮೇಲೆ ಸ್ವಲ್ಪ ಸ್ವಲ್ಪವೇ ಹಗ್ಗ ಬಿಟ್ಟು ಇಳಿಸಬೇಕು. ತಮ್ಮ ಬೆಳಿಗ್ಗೆಯೇ ನನಗೂ ನೆರೆಮನೆಯವರಿಗೂ ಹೇಳಿದ್ದ.

"ಬಿಡು, ಹಿಡಿ ಅಂತ ನಾನು ಮಾತ್ರ ಹೇಳುವುದು. ನೀವು ಎಂತದೂ ಹೇಳ್ಬಾರ್ದು. ಒಳಗೆ ಹೋಗಿ ಕೂತರೆ ಇನ್ನೂ ಒಳ್ಳೆಯದು."

ನಾವು ಒಳಗೆ ಹೋಗಲಿಲ್ಲ. ಅವರು ನಿಂತಿರುವಾಗ ನಾನು ಹೇಗೆ ಹೋಗುವುದು? ನಾನಿರುವಾಗ ಅವರೂ ಹೋಗುವವರಲ್ಲ. ಲೈನ್‌ಮ್ಯಾನ್ ಬಂದು ಕರೆಂಟ್ ತೆಗೆದು ಹೋದ. ಪೆಟ್ರೋಲಿನ ಗರಗಸದ ಮೆಷಿನ್ ಶುರುವಾಯಿತು. ಮಧ್ಯಾಹ್ನದವರೆಗೆ ಸಣ್ಣ ಕೊಂಬೆಗಳು ಚೆನ್ನಾಗಿಯೇ ಇಳಿದವು. ಊಟದ ಮೇಲೆ ದೊಡ್ಡ ಕೊಂಬೆಯ ಸರದಿ. ಅದು ತುಂಡಾಗಿ ಹಗ್ಗದಲ್ಲಿ ತೂಗಿದ್ದೇ ಅವರ ನೀರಿನ ಟ್ಯಾಂಕಿನ ಕಡೆಗೆ ತಿರುಗಿತು.

"ಹಿಡಿ, ಹಿಡಿ, ಬಿಡಬೇಡ, ನನ್ನ ಟ್ಯಾಂಕ್ ಹೋಗ್ತದೆ" ಎಂದು ಅವರು ಕೂಗಿದರು.

ಅಣ್ಣ ಹಗ್ಗ ಬಿಗಿ ಮಾಡಿದ. ಕೊಂಬೆ ನಮ್ಮ ಹಂಚಿನ ಕಡೆಗೆ ತೂಗಿತು. ಅವರ ಟ್ಯಾಂಕ್ ಉಳಿಯಲಿಕ್ಕೆ ನನ್ನ ಹಂಚು ಒಡೆಯಬೇಕೇ ಎಂದು ನನಗೆ ಮೈಯೆಲ್ಲ ಉರಿಯಿತು.

"ಬಿಡಿ, ಬಿಡಿ, ಕೆಳಗೆ ಬಿಡಿ" ಎಂದು ನಾನೂ ಕೂಗಿದೆ.

ಅಣ್ಣ ಹಗ್ಗ ಬಿಟ್ಟ. ಅವರು ಮತ್ತೆ ಹಿಡಿ ಎಂದರು, ಅವನು ಹಿಡಿದ. ಆ ಎಳೆತಕ್ಕೆ ಕೊಂಬೆ ಗಿರ್ರನೆ ತಿರುಗಿ, ಅದರ ಕಡಿದ ತುದಿ ಹೋಗಿ ತಮ್ಮ ನಿಂತಿದ್ದಲ್ಲಿಗೇ ಬಡಿಯಿತು. ಕಾಲಿಗೆ ಬಿದ್ದ ಪೆಟ್ಟಿನ ಶಬ್ದ ಕೆಳಗೆ ನಿಂತ ನನಗೂ ಕೇಳಿತು. ಅವನು ಕೂಗಲಿಲ್ಲ. ಸೊಂಟದ ಹಗ್ಗದಲ್ಲಿ ತಲೆ ವಾಲಿಸಿ ನೇತಾಡಿದ. ಅಣ್ಣ ಕೊಂಬೆಯ ಹಗ್ಗವನ್ನು ತೆಂಗಿಗೆ ಕಟ್ಟಿ, ಬರಿಗಾಲಲ್ಲಿ ಮರ ಹತ್ತಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದ.

ನೆರೆಮನೆಯವರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಹಿಂದಿನ ಸೀಟಿನಲ್ಲಿ ಅವನ ಕಾಲು ನನ್ನ ಮಡಿಲಲ್ಲಿತ್ತು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ನೆರೆಮನೆಯವರು, "ಹಗ್ಗ ಹಿಡಿದವರ ಕೈ ಜಾರಿತು" ಎಂದರು. ಹೇಳಿ ನನ್ನ ಮುಖ ನೋಡಿದರು.

"ಹೌದು, ಜಾರಿತು" ಎಂದೆ ನಾನು.

ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಅದು. ಅಣ್ಣ ಬಾಗಿಲ ಹತ್ತಿರ ನಿಂತಿದ್ದ, ಕೈಯ ಚರ್ಮ ಹಗ್ಗಕ್ಕೆ ಕಿತ್ತು ರಕ್ತ ಬರುತ್ತಿತ್ತು. ಅವನು ನಮ್ಮಿಬ್ಬರನ್ನೂ ನೋಡಿದ.

ಉಳಿದ ಮರವನ್ನು ಬೆಳ್ತಂಗಡಿಯಿಂದ ಬಂದ ಬೇರೆಯವರು ಇಳಿಸಿದರು. ಆ ದಿನ ನಾನು ಶಾಲೆಗೆ ಹೋಗಿದ್ದೆ. ಆಸ್ಪತ್ರೆಯ ಖರ್ಚನ್ನು ಎರಡೂ ಮನೆಯವರು ಕೊಟ್ಟೆವು. ಕೊಟ್ಟರೆ ಮುಗಿಯಿತು ಎಂದು ಸ್ವಲ್ಪ ದಿನ ಅಂದುಕೊಂಡೆ.

ಮುಗಿಯಲಿಲ್ಲ. ನಮ್ಮ ಶಾಲೆಯ ಅಟೆಂಡರ್ ಒಮ್ಮೆ ತನ್ನ ಮನೆಯ ಮಾವಿನ ಮರ ತೆಗೆಸುವ ವಿಷಯ ಮಾತಾಡುತ್ತ, "ಆ ಅಣ್ಣನನ್ನು ಈಗ ಯಾರೂ ಕರೆಯುವುದಿಲ್ಲ ಟೀಚರೇ. ತಮ್ಮನ ಹಗ್ಗವನ್ನೇ ಬಿಟ್ಟವನು ಅಂತ ಸುದ್ದಿ ಉಂಟಲ್ಲ" ಎಂದ. ಕೈಯಲ್ಲಿದ್ದ ಉತ್ತರ ಪತ್ರಿಕೆ ತಿದ್ದಲು ನನಗಾಗಲಿಲ್ಲ. ನಡೆದದ್ದನ್ನು ಅವನಿಗೆ ಅಲ್ಲೇ ಹೇಳಿದೆ. ಅವನು ಇನ್ನಾರಿಗೆ ಹೇಳಿದನೋ ಗೊತ್ತಿಲ್ಲ.

ಆ ಸಂಜೆ ನೆರೆಮನೆಗೆ ಹೋದೆ. "ನಾರಾವಿಗೆ ಹೋಗುವ. ನಡೆದದ್ದು ಹೇಳಿ ಬರುವ" ಎಂದೆ.

"ನನಗೆ ಎಂತ ಹೇಳ್ಲಿಕ್ಕೆ ಉಂಟು? ಬಿಡಿ ಅಂತ ಕೂಗಿದ್ದು ನೀವು" ಎಂದರು.

"ಹಿಡಿ ಅಂದದ್ದು?"

ಅವರು ಎದ್ದು ಒಳಗೆ ಹೋದರು.

ಭಾನುವಾರ ಒಬ್ಬಳೇ ಬಸ್ಸು ಹತ್ತಿದೆ. ತಮ್ಮನ ಹೆಂಡತಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ನೀರು ಕೊಡುತ್ತಾರೆ. ಅವಳು ಕೊಡಲಿಲ್ಲ. "ಒಳಗೆ ಇದ್ದಾರೆ" ಎಂದು ಬಟ್ಟೆಯ ಕಡೆಗೇ ತಿರುಗಿದಳು.

ಅವನು ಚಾಪೆಯ ಮೇಲೆ ಕಾಲು ಚಾಚಿ ಗೋಡೆಗೆ ಒರಗಿದ್ದ. ನಾನು ಶುರು ಮಾಡಿದ ಮಾತನ್ನು ಪೂರ್ತಿ ಹೇಳಲು ಬಿಡಲಿಲ್ಲ.

"ನಾನು ಮೇಲೆ ಇದ್ದೆ ಟೀಚರೇ. ಮೆಷಿನ್ ಆಫ್ ಮಾಡಿ ಆಗಿತ್ತು. ಇಬ್ಬರ ದನಿಯೂ ನನಗೆ ಕೇಳಿದೆ."

"ಮತ್ತೆ ನೀವು ಯಾರಿಗೂ ಹೇಳಲಿಲ್ಲ?"

"ನಾನು ಹೇಳಿದರೆ ಅಣ್ಣನ ಪರ ಹೇಳ್ತಾನೆ ಅಂತ ಆಗ್ತದೆ. ನನಗೆ ಹೇಳಿ ಎಂತ ಮಾಡುವುದು? ಅಣ್ಣನಿಗೆ ಹೇಳಿ."

ಅಣ್ಣ ಯಾರದ್ದೋ ತೋಟಕ್ಕೆ ಹುಲ್ಲು ತೆಗೆಯುವ ಕೆಲಸಕ್ಕೆ ಹೋಗಿದ್ದ. ಅವನು ಬರುವವರೆಗೆ ಅಂಗಳದ ಬದಿಯ ಕಲ್ಲಿನ ಮೇಲೆ ಕೂತಿದ್ದೆ, ಎರಡು ಗಂಟೆಯಾದರೂ ಆಗಿರಬೇಕು. ಬಂದವನು ನನ್ನನ್ನು ನೋಡಿ ಕತ್ತಿಯನ್ನು ಗೋಡೆಗೆ ಸಿಕ್ಕಿಸಿ ನಿಂತ. ಆಸ್ಪತ್ರೆಯಲ್ಲಿ ನಾನು ಸುಳ್ಳು ಹೇಳಿದೆ, ನಿಮ್ಮ ಕೈ ಜಾರಲಿಲ್ಲ, ನಮ್ಮ ಕೂಗಾಟದಿಂದ ಆದದ್ದು, ನಾನು ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ ಎಂದೆ. ಅವನು ತನ್ನ ಅಂಗೈ ನೋಡಿಕೊಂಡ. ಗಾಯ ಒಣಗಿ ಅಲ್ಲಿ ಬೆಳ್ಳಗಿನ ಗೆರೆ ಬಿದ್ದಿತ್ತು.

"ಆ ದಿನ ಹೇಳಬೇಕಿತ್ತು" ಎಂದ.

"ಹೌದು."

"ಐದೂವರೆಯ ಬಸ್ಸು ಹೋದರೆ ಮತ್ತೆ ಬಸ್ಸಿಲ್ಲ. ನೀವು ಹೊರಡಿ."

ನಾನು ಹೊರಟೆ. ಅಂಗಳ ದಾಟುವಾಗ ತಮ್ಮನ ಹೆಂಡತಿ ಹರವಿದ ಬಟ್ಟೆ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಒಂದು ಸೋಡಾ ತೆಗೆದುಕೊಂಡು ಕುಡಿದೆ. ಯಾರ ಮನೆಗೆ ಬಂದದ್ದು ಎಂದು ಅಂಗಡಿಯವನು ಕೇಳಿದ. ಮರ ಕಡಿಯುವವರ ಮನೆಗೆ ಎಂದೆ, ಮತ್ತೆ ಅವನಿಗೂ ಮೊದಲಿನಿಂದ ಹೇಳಿದೆ.